ಗರಡಿಮನೆಯ ಕಾವಲು ತಪ್ಪಿದಾಗ: ಎಚ್‌ಐವಿ, ಅಂಗ ಕಸಿ ಮತ್ತು ಉಗ್ರ ಲಿಂಫೋಮಾದ ಜೀನ್‌ಗಳು

"ಹೋದ ವಾರ ನಿಂಬೆಹಣ್ಣಿನಷ್ಟಿತ್ತು ಡಾಕ್ಟ್ರೇ, ಈಗ ಮೂಸಂಬಿಯಷ್ಟಾಗಿದೆ."

ಕುತ್ತಿಗೆಯಲ್ಲಿ ಗಂಟು ಹೊತ್ತು ಬಂದವರು ಹೀಗೆ ಹಣ್ಣಿನ ಲೆಕ್ಕದಲ್ಲಿ ಮಾತಾಡಿದರೆ ಕ್ಯಾನ್ಸರ್ ವಿಭಾಗದವರ ಕಿವಿ ನಿಮಿರುತ್ತದೆ. ಬಹುತೇಕ ಕ್ಯಾನ್ಸರ್‌ಗಳು ತಿಂಗಳು, ವರ್ಷಗಳ ಲೆಕ್ಕದಲ್ಲಿ ಬೆಳೆಯುತ್ತವೆ. ದಿನದ ಲೆಕ್ಕದಲ್ಲಿ ಬೆಳೆಯುವವು ಕೆಲವೇ. ಅವುಗಳಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವುದು ಉಗ್ರ ಸ್ವರೂಪದ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಬಿಳಿ ರಕ್ತಕಣಗಳಲ್ಲಿ ಹುಟ್ಟುವ ಕ್ಯಾನ್ಸರ್. ಬರ್ಕಿಟ್ ಲಿಂಫೋಮಾ ಎಂಬ ಬಗೆಯ ಕೋಶಗಳಂತೂ ಒಂದೆರಡು ದಿನಕ್ಕೊಮ್ಮೆ ಇಮ್ಮಡಿಯಾಗಬಲ್ಲವು.

ಈ ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು. ಆದರೆ ಎಚ್‌ಐವಿ ಇರುವವರಲ್ಲಿ, ಕಿಡ್ನಿ ಅಥವಾ ಲಿವರ್ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಿರುವವರಲ್ಲಿ ಇದು ಹಲವು ಪಟ್ಟು ಹೆಚ್ಚು. ಏಡ್ಸ್‌ನ ಆರಂಭದ ವರ್ಷಗಳಲ್ಲಿ ಇದು ಎಷ್ಟು ಎದ್ದು ಕಂಡಿತೆಂದರೆ, 1985ರಲ್ಲೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಬಿ ಕೋಶ ಎಂಬ ಬಿಳಿ ರಕ್ತಕಣದಲ್ಲಿ ಹುಟ್ಟುವ ಉಗ್ರ ಲಿಂಫೋಮಾವನ್ನು ಏಡ್ಸ್ ಎಂದು ಗುರುತಿಸುವ ಲಕ್ಷಣಗಳ ಪಟ್ಟಿಗೆ ಸೇರಿಸಿತು.

ಯಾಕೆ ಹೀಗೆ? ಎಲ್ಲರಿಗೂ ತಕ್ಷಣ ಹೊಳೆಯುವ ಉತ್ತರ: ರೋಗನಿರೋಧಕ ವ್ಯವಸ್ಥೆ ಮೈಯೊಳಗಿನ ಪೊಲೀಸ್, ಪೊಲೀಸ್ ಮಲಗಿದರೆ ಕಳ್ಳರು ಹೆಚ್ಚುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಆದರೆ ಅಷ್ಟೇ ಕಾರಣವಾಗಿದ್ದರೆ ಸ್ತನದ ಕ್ಯಾನ್ಸರ್, ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ಇದೇ ರೋಗಿಗಳಲ್ಲಿ ಇದೇ ಪ್ರಮಾಣದಲ್ಲಿ ಏರಬೇಕಿತ್ತು. ಏರಲಿಲ್ಲ. ಅಂದಮೇಲೆ ಬಿ ಕೋಶಕ್ಕೂ ಸಡಿಲವಾದ ಕಾವಲಿಗೂ ನಡುವೆ ಏನೋ ವಿಶೇಷ ನಂಟಿದೆ. ಆ ನಂಟು ಜೀನ್‌ಗಳಲ್ಲಿ ಹೇಗೆ ಬರೆದುಕೊಂಡಿರುತ್ತದೆ ಎನ್ನುವುದೇ ಇಲ್ಲಿನ ವಿಷಯ.

ಗರಡಿಮನೆಯಲ್ಲಿ ಕತ್ತರಿ

ಆಂಟಿಬಾಡಿ ತಯಾರಿಸುವುದು ಬಿ ಕೋಶದ ಕಸುಬು. ಹೊಸ ರೋಗಾಣು ಬಂದಾಗ ಅದಕ್ಕೆ ಒಪ್ಪುವ ಆಂಟಿಬಾಡಿ ಮೊದಲೇ ಸಿದ್ಧವಿರುವುದಿಲ್ಲ, ಅಂದಾಜಿನದೊಂದು ಇರುತ್ತದೆ. ಅದನ್ನು ಹದ ಮಾಡಿಕೊಳ್ಳಲು ಬಿ ಕೋಶಗಳು ಕುತ್ತಿಗೆ, ಕಂಕುಳು, ತೊಡೆಸಂದಿನ ಗ್ರಂಥಿಗಳಲ್ಲಿ ಗುಂಪುಗೂಡುತ್ತವೆ. ನೆಗಡಿ, ಗಂಟಲುನೋವು ಬಂದಾಗ ದವಡೆಯ ಕೆಳಗೆ ಕೈಗೆ ಸಿಗುವ ಗುಳ್ಳೆ ಇದೇ. ಈ ಗುಂಪಿಗೆ ಜರ್ಮಿನಲ್ ಸೆಂಟರ್ ಎಂಬ ಹೆಸರಿದೆ. ನನಗೆ ಅದು ಗರಡಿಮನೆಯಂತೆ ಕಾಣುತ್ತದೆ. ಇಲ್ಲಿ ಬಿ ಕೋಶಗಳೇ ಪೈಲ್ವಾನರು, ಸಿಡಿ4 ಎಂಬ ಸಹಾಯಕ ಟಿ ಕೋಶಗಳು ಉಸ್ತಾದರು. ರೋಗಾಣುವನ್ನು ಚೆನ್ನಾಗಿ ಹಿಡಿದ ಪೈಲ್ವಾನನ ಬೆನ್ನು ತಟ್ಟಿ ಉಸ್ತಾದ ಉಳಿಸಿಕೊಳ್ಳುತ್ತಾನೆ. ಹಿಡಿತ ಸಾಲದವನು ಅಲ್ಲೇ ಸಾಯುತ್ತಾನೆ. ಗರಡಿಯ ನಿಯಮ ಕಠಿಣವೇ.

ಹಿಡಿತ ಬಿಗಿಯಾಗಲು ಬಿ ಕೋಶ ಮಾಡುವ ಕಸರತ್ತು ವಿಚಿತ್ರವಾದದ್ದು. ಮೈಯ ಬೇರೆ ಕೋಶಗಳೆಲ್ಲ ತಮ್ಮ ಡಿಎನ್‌ಎಯನ್ನು ಕಣ್ಣಿನ ರೆಪ್ಪೆಯಂತೆ ಕಾಯ್ದುಕೊಂಡರೆ, ಇದು ಬೇಕೆಂದೇ ತನ್ನ ಆಂಟಿಬಾಡಿ ಜೀನ್‌ಗೆ ತಾನೇ ಕತ್ತರಿ ಹಾಕುತ್ತದೆ. ಅಲ್ಲಲ್ಲಿ ಅಕ್ಷರ ಬದಲಿಸುತ್ತದೆ, ಕೆಲವೊಮ್ಮೆ ತುಂಡನ್ನೇ ತೆಗೆದು ತುದಿಗಳನ್ನು ಮತ್ತೆ ಜೋಡಿಸುತ್ತದೆ. ಈ ಕೆಲಸಕ್ಕೆ ಕಾರಣವಾಗುವ ಕಿಣ್ವವನ್ನು 1999ರಲ್ಲಿ ಜಪಾನಿನ ತಸುಕು ಹೊಂಜೊ ಅವರ ತಂಡ ಗುರುತಿಸಿತು. ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂದದ್ದು ಬೇರೊಂದು ಶೋಧಕ್ಕೆ. ಕಿಣ್ವದ ಹೆಸರು ಎಐಡಿ. ಏಡ್ಸ್ ಎಂಬ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ, ಅಕ್ಷರಗಳು ಹೊಂದಿಕೊಂಡಿವೆ ಅಷ್ಟೇ.

ಕತ್ತರಿ ಗುರಿ ತಪ್ಪದೆ ಇರುವುದಿಲ್ಲ. ಒಮ್ಮೊಮ್ಮೆ ಆಂಟಿಬಾಡಿ ಜೀನ್ ಬಿಟ್ಟು ಬೇರೆ ಕಡೆಯೂ ಬೀಳುತ್ತದೆ. ಆರೋಗ್ಯವಂತರಲ್ಲೂ ಇದು ನಡೆಯುತ್ತಲೇ ಇರುತ್ತದೆ. ಬಹುಪಾಲು ಗಾಯಗಳನ್ನು ಕೋಶ ತಾನೇ ಹೊಲಿದುಕೊಳ್ಳುತ್ತದೆ, ಇಲ್ಲವೇ ಸಾಯುತ್ತದೆ. ಆದರೆ ಗರಡಿ ಹಗಲು ರಾತ್ರಿ ನಡೆದಷ್ಟೂ ಕತ್ತರಿ ತಪ್ಪುವ ಸರದಿ ಹೆಚ್ಚುತ್ತದೆ. ಎಚ್‌ಐವಿಯಲ್ಲಿ ಆಗುವುದು ಇದೇ. ವೈರಸ್ ವರ್ಷಗಟ್ಟಲೆ ಮೈಯಲ್ಲಿ ಕುಳಿತು ಬಿ ಕೋಶಗಳನ್ನು ಕೆಣಕುತ್ತಲೇ ಇರುತ್ತದೆ. ಮುಂದೆ ಲಿಂಫೋಮಾ ಬಂದ ಎಚ್‌ಐವಿ ಸೋಂಕಿತರ ರಕ್ತವನ್ನು, ಕಾಯಿಲೆ ಪತ್ತೆಯಾಗುವ ಮೊದಲೇ ತೆಗೆದಿಟ್ಟಿದ್ದ ಮಾದರಿಗಳಲ್ಲಿ ನೋಡಿದಾಗ, ಎಐಡಿ ಪ್ರಮಾಣ ಏರಿದ್ದು ಕಂಡುಬಂದಿದೆ. ಗಮನಿಸಬೇಕಾದ ಮಾತೆಂದರೆ ಎಚ್‌ಐವಿ ಬಿ ಕೋಶದ ಒಳಗೆ ಹೋಗುವುದೇ ಇಲ್ಲ. ಈ ಲಿಂಫೋಮಾ ಕೋಶಗಳಲ್ಲಿ ಹುಡುಕಿದರೆ ಎಚ್‌ಐವಿಯ ಜೀನ್‌ಗಳು ಸಿಗುವುದಿಲ್ಲ. ಅದು ಕೆಡಿಸುವುದು ಗರಡಿಯ ವಾತಾವರಣವನ್ನು.

ಎಂಟು ಮತ್ತು ಹದಿನಾಲ್ಕು

ತಪ್ಪಿದ ಕತ್ತರಿಯ ಅತ್ಯಂತ ಪ್ರಸಿದ್ಧ ಉದಾಹರಣೆ ಬರ್ಕಿಟ್ ಲಿಂಫೋಮಾ. ಉಗಾಂಡದ ಕಂಪಾಲದಲ್ಲಿ, ಮುಲಾಗೊ ಆಸ್ಪತ್ರೆಯಲ್ಲಿದ್ದ ಐರಿಷ್ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್, ದವಡೆ ಊದಿಕೊಂಡ ಮಕ್ಕಳನ್ನು ಕಂಡು 1958ರಲ್ಲಿ ಈ ಬಗ್ಗೆ ಬರೆದರು. ಮಲೇರಿಯಾ ಇರುವ ಪ್ರದೇಶದಲ್ಲೇ ಈ ಗಡ್ಡೆ ಹೆಚ್ಚು ಎಂಬುದನ್ನು ತಿಳಿಯಲು ಹಳೆಯ ಫೋರ್ಡ್ ಕಾರಿನಲ್ಲಿ ಸಾವಿರಾರು ಮೈಲಿ ಸುತ್ತಿದರು. 1972ರಲ್ಲಿ ಈ ಗಡ್ಡೆಯ ಕೋಶಗಳ 14ನೇ ಕ್ರೋಮೋಸೋಮಿಗೆ ಹೆಚ್ಚಿನ ಚೂರೊಂದು ಅಂಟಿಕೊಂಡಿರುವುದು ಗೊತ್ತಾಯಿತು. ಆ ಚೂರು 8ನೆಯದರಿಂದ ಬಂದದ್ದೆಂದು 1976ರಲ್ಲಿ ತಿಳಿಯಿತು. ಚೂರಿನಲ್ಲಿ ಕುಳಿತಿದ್ದ ಜೀನ್ ಮಿಕ್ ಎಂದು 1982ರಲ್ಲಿ ಪತ್ತೆಯಾಯಿತು.

ಮಿಕ್ ಎಲ್ಲ ಕೋಶಗಳಲ್ಲೂ ಇರುವ ಜೀನ್. ಕೋಶ ಒಡೆದು ಎರಡಾಗಬೇಕಾದಾಗ ಚಾಲೂ ಆಗಿ, ಕೆಲಸ ಮುಗಿದ ಮೇಲೆ ನಿಲ್ಲಬೇಕು. ಇನ್ನು 14ನೇ ಕ್ರೋಮೋಸೋಮಿನಲ್ಲಿರುವ ಆಂಟಿಬಾಡಿ ಜೀನ್ ಬಿ ಕೋಶದಲ್ಲಿ ಸದಾ ಚಾಲೂ, ಅದರ ಕಸುಬೇ ಅದು. ಕತ್ತರಿ ಎರಡೂ ಕಡೆ ಬಿದ್ದು, ಹೊಲಿಯುವಾಗ ತುದಿಗಳು ಅದಲುಬದಲಾದರೆ ಮಿಕ್ ಹೋಗಿ ಆಂಟಿಬಾಡಿ ಜೀನ್‌ನ ಮಗ್ಗುಲಲ್ಲಿ ಕೂರುತ್ತದೆ. ಮೂರು ತಾಸಿನ ಕರೆಂಟಿನಲ್ಲಿ ಓಡಬೇಕಾದ ಪಂಪ್‌ಸೆಟ್ಟಿಗೆ ಯಾರೋ ಇಪ್ಪತ್ನಾಲ್ಕು ತಾಸಿನ ಲೈನ್ ಎಳೆದುಕೊಟ್ಟ ಹಾಗೆ. ಮೋಟರಿನಲ್ಲಿ ದೋಷವಿಲ್ಲ, ವೈರಿಂಗ್ ತಪ್ಪಿದೆ. ಸುಮಾರು ಶೇ. 80ರಷ್ಟು ಬರ್ಕಿಟ್ ಗಡ್ಡೆಗಳಲ್ಲಿ ಅದಲುಬದಲು 8 ಮತ್ತು 14ರ ನಡುವೆ. ಉಳಿದವುಗಳಲ್ಲಿ 2 ಅಥವಾ 22ನೆಯದು ಜೊತೆಗಾರ. ಅಲ್ಲಿಯೂ ಆಂಟಿಬಾಡಿಯ ಇನ್ನೊಂದು ಭಾಗದ ಜೀನ್‌ಗಳೇ ಇವೆ.

ಈ ವೈರಿಂಗ್ ದೋಷವನ್ನು ಕಣ್ಣಾರೆ ನೋಡಬಹುದು. ಲ್ಯಾಬಿನಲ್ಲಿ ಫಿಶ್ ಎಂಬ ಪರೀಕ್ಷೆ ಮಾಡುತ್ತಾರೆ. ಮಿಕ್ ಜೀನ್‌ನ ಒಂದು ಮಗ್ಗುಲಿಗೆ ಕೆಂಪು, ಇನ್ನೊಂದು ಮಗ್ಗುಲಿಗೆ ಹಸಿರು ಹೊಳೆಯುವ ಬಣ್ಣ ಅಂಟಿಸುತ್ತಾರೆ. ಕತ್ತಲೆ ಕೋಣೆಯ ಸೂಕ್ಷ್ಮದರ್ಶಕದಲ್ಲಿ ನೀಲಿ ಕೋಶಕೇಂದ್ರದೊಳಗೆ ಎರಡೂ ಒಟ್ಟಿಗಿದ್ದರೆ ಹಳದಿ ಚುಕ್ಕೆ. ಜೀನ್ ತುಂಡಾಗಿದ್ದರೆ ಕೆಂಪು ಒಂದು ಕಡೆ, ಹಸಿರು ಇನ್ನೊಂದು ಕಡೆ. ಒಂದು ಹಳದಿ, ಒಂದು ಕೆಂಪು, ಒಂದು ಹಸಿರು ಹೀಗೆ ಕೋಶದ ಮೇಲೆ ಕೋಶ ಕಾಣುತ್ತಾ ಹೋದರೆ ವರದಿ ಬರೆಯುವವರ ಮುಖ ಗಂಭೀರವಾಗುತ್ತದೆ.

ಮಿಕ್ ಒಂದಕ್ಕೇ ಗಡ್ಡೆ ಕಟ್ಟಲಾಗದು

ಇಲ್ಲೊಂದು ತೊಡಕಿದೆ, ಮತ್ತು ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದೇ. ಮಿಕ್ ಅತಿಯಾಗಿ ಓಡಿದರೆ ಕೋಶ ಬೆಳೆಯುವುದು ಹೌದು, ಜೊತೆಗೆ ಅದಕ್ಕೆ ಆತ್ಮಹತ್ಯೆಯ ಆದೇಶವೂ ಹೊರಡುತ್ತದೆ. ಪ್ರಕೃತಿ ಇಟ್ಟ ಫ್ಯೂಸ್ ಅದು. ಬರ್ಕಿಟ್ ಗಡ್ಡೆಯ ಸ್ಲೈಡ್ ನೋಡಿದವರು ಅದನ್ನು ತಾರೆ ತುಂಬಿದ ಆಕಾಶ ಎನ್ನುತ್ತಾರೆ. ಒತ್ತೊತ್ತಾಗಿ ತುಂಬಿದ ಕಡುನೀಲಿ ಕೋಶಗಳು ರಾತ್ರಿಯ ಆಕಾಶ. ನಡುನಡುವೆ ತಿಳಿಯಾಗಿ ಕಾಣುವ ದೊಡ್ಡ ಕೋಶಗಳು ನಕ್ಷತ್ರ. ಆ ನಕ್ಷತ್ರಗಳು ಸತ್ತ ಕ್ಯಾನ್ಸರ್ ಕೋಶಗಳನ್ನು ತಿಂದು ಚೊಕ್ಕಟ ಮಾಡುವ ಕೋಶಗಳು. ಹುಟ್ಟಿನಷ್ಟೇ ಸಾವೂ ಜೋರಾಗಿ ನಡೆದಿದೆ ಎಂದು ಸ್ಲೈಡೇ ಹೇಳುತ್ತದೆ.

ಗಡ್ಡೆ ಬೆಳೆಯಬೇಕಾದರೆ ಈ ಫ್ಯೂಸ್ ತೆಗೆಯಲೇಬೇಕು. ಅದಕ್ಕೆ ಎರಡು ದಾರಿ. ಒಂದು, ಫ್ಯೂಸ್‌ನ ಜೀನ್‌ಗಳಲ್ಲೇ ಮ್ಯುಟೇಶನ್, ಅಂದರೆ ಅಕ್ಷರದ ತಪ್ಪು, ಆಗುವುದು. ಟಿಪಿ53 ಅವುಗಳಲ್ಲಿ ಮುಖ್ಯವಾದದ್ದು. ಕೋಶಕ್ಕೆ ಸದಾ ಬದುಕು, ಬೆಳೆ ಎಂಬ ಸಂದೇಶ ಕೊಡುವಂತೆ ಐಡಿ3, ಟಿಸಿಎಫ್3 ಜೀನ್‌ಗಳೂ ಕೆಡಬಹುದು ಎಂಬುದು 2012ರಲ್ಲಿ ಗೊತ್ತಾಯಿತು. ಎರಡನೆಯ ದಾರಿ, ಫ್ಯೂಸ್ ತೆಗೆಯುವ ಕೆಲಸವನ್ನು ಹೊರಗಿನವರು ಬಂದು ಮಾಡಿಕೊಡುವುದು. ಆ ಹೊರಗಿನವನೇ ಎಪ್ಸ್ಟೈನ್-ಬಾರ್ ವೈರಸ್, ಚಿಕ್ಕದಾಗಿ ಇಬಿವಿ.

1961ರಲ್ಲಿ ಲಂಡನ್ನಿನಲ್ಲಿ ಬರ್ಕಿಟ್ ಕೊಟ್ಟ ಉಪನ್ಯಾಸ ಕೇಳಿದ ಬ್ರಿಟಿಷ್ ವಿಜ್ಞಾನಿ ಆಂಥೊನಿ ಎಪ್ಸ್ಟೈನ್, ಉಗಾಂಡದಿಂದ ವಿಮಾನದಲ್ಲಿ ಗಡ್ಡೆಯ ತುಣುಕುಗಳನ್ನು ತರಿಸಿಕೊಳ್ಳುತ್ತಿದ್ದರು. ಒಮ್ಮೆ ಮಂಜು ಕವಿದು ವಿಮಾನ ಬೇರೆ ಊರಿನಲ್ಲಿ ಇಳಿಯಿತು. ತಡವಾಗಿ ಬಂದ ಸೀಸೆಯಲ್ಲಿ ದ್ರವ ಕದಡಿತ್ತು. ಬ್ಯಾಕ್ಟೀರಿಯಾ ಸೇರಿ ಕೆಟ್ಟಿತು ಎಂದುಕೊಂಡು ನೋಡಿದರೆ, ಗಡ್ಡೆಯ ಕೋಶಗಳೇ ಬಿಡಿಬಿಡಿಯಾಗಿ ತೇಲುತ್ತಾ ಬದುಕಿದ್ದವು. ಅವುಗಳನ್ನು ಬೆಳೆಸಿ, ಇವೊನ್ ಬಾರ್ ಮತ್ತು ಬರ್ಟ್ ಅಚಾಂಗ್ ಜೊತೆಗೂಡಿ, 1964ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವೈರಸ್ ತೋರಿಸಿದರು. ಮನುಷ್ಯರ ಕ್ಯಾನ್ಸರಿನಲ್ಲಿ ಸಿಕ್ಕ ಮೊದಲ ವೈರಸ್ ಅದು.

ಹೆದರಬೇಡಿ, ಇದನ್ನು ಓದುತ್ತಿರುವ ನಿಮ್ಮಲ್ಲೂ ಇಬಿವಿ ಇರುವ ಸಾಧ್ಯತೆಯೇ ಹೆಚ್ಚು. ಜಗತ್ತಿನ ವಯಸ್ಕರಲ್ಲಿ ಶೇ. 90ಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ಇದೆ. ಬಾಲ್ಯದಲ್ಲಿ ಎಂಜಲಿನಿಂದ ಬಂದು, ಬಿ ಕೋಶಗಳಲ್ಲಿ ಮಲಗಿ, ಸಾಯುವವರೆಗೂ ಜೊತೆಗಿರುತ್ತದೆ. ಅದರ ಬಳಿ ಕೆಲವು ಕಳ್ಳ ಕೀಲಿಗಳಿವೆ. ಎಲ್‌ಎಂಪಿ1 ಎಂಬ ಅದರ ಪ್ರೋಟೀನ್ ಉಸ್ತಾದನ ಶಹಬ್ಬಾಸ್‌ಗಿರಿಯನ್ನು ಹುಬೇಹೂಬು ಅನುಕರಿಸುತ್ತದೆ. ಎಲ್‌ಎಂಪಿ2ಎ ಎಂಬುದು "ರೋಗಾಣು ಹಿಡಿದೆ" ಎಂಬ ಸುಳ್ಳು ಸಂದೇಶ ಕೊಡುತ್ತದೆ. ಹೀಗಾಗಿ ಅರ್ಹತೆ ಇಲ್ಲದ ಪೈಲ್ವಾನನೂ ಗರಡಿಯಲ್ಲಿ ಉಳಿದುಬಿಡುತ್ತಾನೆ. ಆದರೆ ಈ ಪ್ರೋಟೀನ್‌ಗಳನ್ನು ಹೊರಗೆ ತೋರಿಸಿದ ಕೋಶವನ್ನು, ಕೊಲ್ಲುವುದೇ ಕಸುಬಾದ ಇನ್ನೊಂದು ಬಗೆಯ ಟಿ ಕೋಶಗಳು ತಕ್ಷಣ ಗುರುತಿಸಿ ಮುಗಿಸುತ್ತವೆ. ಕಾವಲು ಗಟ್ಟಿಯಾಗಿದ್ದಾಗ ವೈರಸ್ ಬಾಯಿ ಮುಚ್ಚಿಕೊಂಡಿರುವುದು ಇದಕ್ಕೇ.

ಕಾವಲು ಸಡಿಲವಾದರೆ ಲೆಕ್ಕವೇ ಬದಲಾಗುತ್ತದೆ. ಜೀನ್‌ನಲ್ಲಿ ನಾಲ್ಕು ಬೀಗ ಒಡೆದು ಬರಬೇಕಿದ್ದ ಕ್ಯಾನ್ಸರ್‌ಗೆ ಎರಡು ಬೀಗ ವೈರಸ್ ತೆಗೆದುಕೊಟ್ಟರೆ ಒಡೆಯಲು ಉಳಿಯುವುದು ಎರಡೇ. ಈ ನಾಲ್ಕು, ಎರಡು ಎಂಬುದು ಅರ್ಥವಾಗಲೆಂದು ನಾನಿಟ್ಟ ಅಂಕಿ, ಆದರೆ ದಿಕ್ಕು ನಿಜವಾದದ್ದು. ಬರ್ಕಿಟ್ ಗಡ್ಡೆಗಳ ಡಿಎನ್‌ಎಯನ್ನು ಪೂರ್ತಿ ಓದಿ ಹೋಲಿಸಿದಾಗ, ಇಬಿವಿ ಇರುವವುಗಳಲ್ಲಿ ಕ್ಯಾನ್ಸರ್ ನಡೆಸುವ ಮ್ಯುಟೇಶನ್‌ಗಳು ಕಡಿಮೆ, ಅದರಲ್ಲೂ ಫ್ಯೂಸ್‌ಗೆ ಸಂಬಂಧಿಸಿದವು ಕಡಿಮೆ. ಇಬಿವಿ ಇಲ್ಲದವುಗಳಲ್ಲಿ ಅವು ಹೆಚ್ಚು. ವೈರಸ್ ಮಾಡಿದ ಕೆಲಸವನ್ನು ಮ್ಯುಟೇಶನ್ ಮತ್ತೆ ಮಾಡಬೇಕಿಲ್ಲವಲ್ಲ.

ಕಸಿಯ ನಂತರ

ಈ ಲೆಕ್ಕ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಂಗ ಕಸಿಯಾದವರಲ್ಲಿ. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಿರಲೆಂದು ಟಿ ಕೋಶಗಳನ್ನು ಮಾತ್ರೆಯಿಂದ ಕಟ್ಟಿಹಾಕುತ್ತಾರೆ. ಮೊದಲ ವರ್ಷದಲ್ಲಿ ಬರುವ ಲಿಂಫೋಮಾಗಳು ಹೆಚ್ಚಾಗಿ ಇಬಿವಿ ತುಂಬಿದವು. ವೈರಸ್ ತನ್ನೆಲ್ಲ ಪ್ರೋಟೀನ್‌ಗಳನ್ನೂ ನಾಚಿಕೆಯಿಲ್ಲದೆ ಹೊರಗಿಟ್ಟಿರುತ್ತದೆ, ಹಿಡಿಯುವವರೇ ಇಲ್ಲ. ಇವುಗಳ ಜೀನ್‌ಗಳಲ್ಲಿ ಕೆಟ್ಟದ್ದು ಆಶ್ಚರ್ಯವಾಗುವಷ್ಟು ಕಡಿಮೆ. 1984ರಲ್ಲಿ ಪಿಟ್ಸ್‌ಬರ್ಗ್‌ನ ಕಸಿ ತಜ್ಞ ಥಾಮಸ್ ಸ್ಟಾರ್ಜಲ್ ಮತ್ತು ಸಂಗಡಿಗರು, ಮಾತ್ರೆಯ ಪ್ರಮಾಣ ಇಳಿಸಿದರೆ ಅಥವಾ ನಿಲ್ಲಿಸಿದರೆ ಇಂಥ ಗಡ್ಡೆಗಳು ಕರಗುತ್ತವೆ ಎಂದು ತೋರಿಸಿದರು. ಕೀಮೋ ಇಲ್ಲದೆ ಕ್ಯಾನ್ಸರ್ ಕರಗುವುದೆಂದರೆ ಸಣ್ಣ ಮಾತಲ್ಲ. ಇಂದಿಗೂ ಇಂಥ ರೋಗಿಗೆ ವೈದ್ಯರು ಮೊದಲು ಮಾಡುವ ಕೆಲಸ ಅದೇ.

ಕಸಿಯಾಗಿ ಹಲವು ವರ್ಷಗಳ ಮೇಲೆ ಬರುವವು ಬೇರೆ ಜಾತಿ. ಅವುಗಳಲ್ಲಿ ಬಹಳಷ್ಟಕ್ಕೆ ಇಬಿವಿ ಇರುವುದಿಲ್ಲ, ಟಿಪಿ53 ಸೇರಿ ಕೆಟ್ಟ ಜೀನ್‌ಗಳ ಪಟ್ಟಿ ಉದ್ದ, ಮಾತ್ರೆ ಇಳಿಸಿದರೆ ಜಗ್ಗುವುದೂ ಕಡಿಮೆ. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಥರ ಕಾಣಬಹುದು.

ಇನ್ನೊಂದು ವ್ಯತ್ಯಾಸವೂ ಇದೆ. ಆರೋಗ್ಯವಂತರಲ್ಲಿ ಹುಟ್ಟುವ ಲಿಂಫೋಮಾಗಳಲ್ಲಿ ಬಿ2ಎಂ ಎಂಬ ಜೀನ್ ಆಗಾಗ ಮುರಿದಿರುತ್ತದೆ. ಕೋಶ ತನ್ನೊಳಗೇನಿದೆ ಎಂದು ಕಾವಲುಗಾರರಿಗೆ ತೋರಿಸುವ ಕಿಟಕಿಯ ಚೌಕಟ್ಟು ಅದು. ಕಿಟಕಿ ಮುಚ್ಚಿಕೊಂಡ ಕಳ್ಳನೇ ಅಲ್ಲಿ ಬದುಕುವುದು. ಕಸಿಯ ನಂತರದ ಗಡ್ಡೆಗಳಲ್ಲಿ ಈ ಮುರಿತ ಅಪರೂಪ. ನೋಡುವವರೇ ಇಲ್ಲದ ಬೀದಿಯಲ್ಲಿ ಕಿಟಕಿ ಮುಚ್ಚುವ ಗೋಜು ಯಾರಿಗೆ ಬೇಕು?

ಎಚ್‌ಐವಿಯ ಒಗಟು

ಎಚ್‌ಐವಿಯಲ್ಲಿ ಕಥೆ ಇಷ್ಟು ನೇರವಾಗಿಲ್ಲ. ಕಾವಲು ಪೂರ್ತಿ ಕುಸಿದು, ರಕ್ತದ ಒಂದು ಘನ ಮಿಲಿಮೀಟರಿನಲ್ಲಿರುವ ಸಿಡಿ4 ಕೋಶಗಳ ಎಣಿಕೆ 50ಕ್ಕಿಂತ ಕೆಳಗೆ ಹೋದವರಲ್ಲಿ ಬರುವ ಮಿದುಳಿನ ಲಿಂಫೋಮಾ ಹೆಚ್ಚುಕಡಿಮೆ ಪ್ರತಿಸಲವೂ ಇಬಿವಿ ತುಂಬಿದ್ದೇ. 1996ರ ಸುಮಾರಿಗೆ ಎಆರ್‌ಟಿ ಎಂಬ ಹಲವು ಔಷಧಗಳ ಚಿಕಿತ್ಸೆ ಬಂದಮೇಲೆ ಇದು ಬಹಳ ಇಳಿಯಿತು. ಬರ್ಕಿಟ್ ಮಾತ್ರ ಹಾಗೆ ಇಳಿಯಲಿಲ್ಲ. ಅದು ಸಿಡಿ4 ಎಣಿಕೆ 200ಕ್ಕಿಂತ ಮೇಲಿದ್ದವರಲ್ಲೂ, ನೋಡಲು ಆರೋಗ್ಯವಾಗಿಯೇ ಇದ್ದವರಲ್ಲೂ ಬರುತ್ತದೆ. ಇಬಿವಿ ಸಿಗುವುದು ಅರ್ಧದಷ್ಟರಲ್ಲಿ ಅಥವಾ ಅದಕ್ಕಿಂತ ಕಡಿಮೆ.

ಗರಡಿಮನೆ ನೆನಪಿದ್ದರೆ ಇದು ಅಷ್ಟು ವಿಚಿತ್ರವೆನಿಸುವುದಿಲ್ಲ. ಸಿಡಿ4 ಕೋಶಗಳೇ ಉಸ್ತಾದರು. ಅವರು ಪೂರ್ತಿ ಸತ್ತರೆ ಗರಡಿಗೇ ಬೀಗ, ಕತ್ತರಿ ಆಡುವುದೂ ನಿಲ್ಲುತ್ತದೆ. ಮಿಕ್ ತುಂಡಾಗಬೇಕಾದರೆ ಗರಡಿ ನಡೆಯುತ್ತಿರಬೇಕು, ಅದೂ ಅತಿಯಾಗಿ. ಹೀಗೆ ಒಂದೇ ಎಚ್‌ಐವಿ, ಒಂದು ಹಂತದಲ್ಲಿ ಗರಡಿಯನ್ನು ಅತಿಯಾಗಿ ಓಡಿಸಿ ಒಂದು ಬಗೆಯ ಲಿಂಫೋಮಾಕ್ಕೆ, ಇನ್ನೊಂದು ಹಂತದಲ್ಲಿ ಕಾವಲನ್ನು ಕೆಡವಿ ಮತ್ತೊಂದು ಬಗೆಗೆ ದಾರಿ ಮಾಡಿಕೊಡುತ್ತದೆ. ಹೆಚ್ಚಿನ ತಜ್ಞರು ಒಪ್ಪುವ ವಿವರಣೆ ಇದು.

ಎಚ್‌ಐವಿ ಜೊತೆಗೆ ಬರುವ, ದೊಡ್ಡ ಕೋಶಗಳ ಡಿಎಲ್‌ಬಿಸಿಎಲ್ ಎಂಬ ಸಾಮಾನ್ಯ ಬಗೆಯಲ್ಲೂ ಇದೇ ಒಡಕು. ಇಬಿವಿ ಇರುವ ಗಡ್ಡೆಗಳಲ್ಲಿ ಸ್ಟ್ಯಾಟ್3 ಎಂಬ ಜೀನ್‌ನ ಮ್ಯುಟೇಶನ್ ಎದ್ದು ಕಾಣುತ್ತದೆ. ಹೊರಗಿನಿಂದ ಬಂದ "ಬೆಳೆ" ಎಂಬ ಸಂದೇಶವನ್ನು ಕೋಶಕೇಂದ್ರಕ್ಕೆ ಮುಟ್ಟಿಸುವ ಅಂಚೆಯಾಳು ಅದು. ಕೆಟ್ಟಾಗ, ಕಾಗದ ಬಾರದಿದ್ದರೂ ತಾನೇ ಕಾಗದ ಬರೆದು ಕೊಡತೊಡಗುತ್ತಾನೆ.

ಪ್ಲಾಸ್ಮಾಬ್ಲಾಸ್ಟಿಕ್ ಲಿಂಫೋಮಾದಲ್ಲಿ ಮಿಕ್, ಇಬಿವಿ, ಸ್ಟ್ಯಾಟ್3 ಮೂರೂ ಸಂಧಿಸುತ್ತವೆ. 1997ರಲ್ಲಿ ಇದನ್ನು ಪ್ರತ್ಯೇಕವಾಗಿ ಗುರುತಿಸಿದ್ದೇ ಎಚ್‌ಐವಿ ಇದ್ದವರ ಬಾಯಲ್ಲಿ. ವಸಡು ಊದಿದೆ, ಹಲ್ಲು ಅಲ್ಲಾಡುತ್ತಿದೆ ಎಂದು ರೋಗಿ ಮೊದಲು ಹೋಗುವುದು ಹಲ್ಲಿನ ಡಾಕ್ಟರ ಬಳಿಗೆ. ಸುಮಾರು ಅರ್ಧದಷ್ಟು ಗಡ್ಡೆಗಳಲ್ಲಿ ಮಿಕ್ ತುಂಡಾಗಿರುತ್ತದೆ, ಬಹುಪಾಲಿನಲ್ಲಿ ಇಬಿವಿ ಇರುತ್ತದೆ. ಈ ಕೋಶಗಳು ಬಿ ಕೋಶದ ಗುರುತಿನ ಚೀಟಿಯಾದ ಸಿಡಿ20ಯನ್ನು ಕಳಚಿಹಾಕಿರುತ್ತವೆ. ರಿಟುಕ್ಸಿಮ್ಯಾಬ್ ಎಂಬ ಹೆಸರುವಾಸಿ ಔಷಧ ಹಿಡಿಯುವುದೇ ಸಿಡಿ20ಯನ್ನು, ಹಾಗಾಗಿ ಅದು ಇಲ್ಲಿ ನಿರುಪಯೋಗಿ.

ನಮ್ಮ ಕಡೆ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಸರ್ಕಾರ ಉಚಿತ ಎಆರ್‌ಟಿ ಕೊಡಲು ಶುರುಮಾಡಿದ್ದು 2004ರಲ್ಲಿ. ಸೋಂಕಿನ ಪ್ರಮಾಣ ಹೆಚ್ಚಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಅದರಲ್ಲೂ ಬಾಗಲಕೋಟೆ, ಬೆಳಗಾವಿ ಕಡೆಯ ಜಿಲ್ಲೆಗಳು. ಅಲ್ಲೆಲ್ಲ ವರ್ಷಗಳಿಂದ ಮಾತ್ರೆ ತಪ್ಪಿಸದೆ ಬದುಕುತ್ತಿರುವವರು ಸಾವಿರಾರು. ಇವರಲ್ಲಿ ಯಾರಿಗಾದರೂ ಕುತ್ತಿಗೆಯಲ್ಲಿ ಗಂಟು ಕಂಡರೆ ನಮ್ಮ ದೇಶದಲ್ಲಿ ಮೊದಲ ಅನುಮಾನ ಟಿಬಿಯ ಮೇಲೆ. ಅನುಮಾನ ತಪ್ಪಲ್ಲ, ಗ್ರಂಥಿಯ ಟಿಬಿ ಇಲ್ಲಿ ಬಹಳ ಸಾಮಾನ್ಯ. ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಎರಡರಲ್ಲೂ ಒಂದೇ. ಆದರೆ ಪರೀಕ್ಷೆಯಿಲ್ಲದೆ ಟಿಬಿ ಮಾತ್ರೆ ಶುರುಮಾಡಿ ಎರಡು ತಿಂಗಳು ಕಾದರೆ, ಎರಡು ದಿನಕ್ಕೊಮ್ಮೆ ಇಮ್ಮಡಿಯಾಗುವ ಗಡ್ಡೆ ಎಲ್ಲಿಗೆ ಮುಟ್ಟಿರುತ್ತದೆ ಎಂದು ಲೆಕ್ಕ ಹಾಕಿ. ಸೂಜಿ ಚುಚ್ಚಿ ತೆಗೆದ ನಾಲ್ಕು ಹನಿಯಲ್ಲಿ ಈ ಜೀನ್ ಪರೀಕ್ಷೆಗಳೆಲ್ಲ ಆಗುವುದು ಕಷ್ಟ. ಸಾಧ್ಯವಿದ್ದಲ್ಲಿ ಗಂಟನ್ನೇ ಇಡಿಯಾಗಿ ತೆಗೆದು ಕಳಿಸುವುದು ಒಳ್ಳೆಯದು.

ಚಿಕಿತ್ಸೆ ಈಗ ಮೊದಲಿನಷ್ಟು ನಿರಾಶಾದಾಯಕವಲ್ಲ. ಹಿಂದೆ ಎಚ್‌ಐವಿ ಇದ್ದರೆ ಕೀಮೋದ ಪ್ರಮಾಣ ತಗ್ಗಿಸಿ ಕೊಡುತ್ತಿದ್ದರು, ಮೈ ತಡೆಯದು ಎಂಬ ಭಯ. ಎಆರ್‌ಟಿ ಜೊತೆಗಿದ್ದರೆ ಪೂರ್ಣ ಚಿಕಿತ್ಸೆ ತಡೆದುಕೊಳ್ಳಬಲ್ಲರು ಎಂಬುದು ಈಗ ಖಚಿತ. ಮಿಕ್ ತುಂಡಾದವರಿಗೆ ಔಷಧಗಳನ್ನು ನಾಲ್ಕು ದಿನ ನಿರಂತರ ಹನಿಸುವ ಇಪಾಕ್ ಎಂಬ ವಿಧಾನವನ್ನು ಅನೇಕರು ಆರಿಸುತ್ತಾರೆ. ವೇಗವಾಗಿ ಒಡೆಯುವ ಕೋಶಕ್ಕೆ ಬಿಡುವೇ ಸಿಗಬಾರದು ಎಂಬ ತರ್ಕ. 2007ರಲ್ಲಿ ರಿಟುಕ್ಸಿಮ್ಯಾಬ್‌ನ ದೇಶೀ ರೂಪ ಮಾರುಕಟ್ಟೆಗೆ ಬಂದಮೇಲೆ ಅದರ ಬೆಲೆಯೂ ಇಳಿಯಿತು. ಎಆರ್‌ಟಿ ಮಾತ್ರೆ ಯಾವುದು ಎಂಬುದೂ ಮುಖ್ಯ. ರಿಟೊನಾವಿರ್ ಇರುವ ಜೋಡಿ, ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧವನ್ನು ಮೈಯಲ್ಲಿ ಹೆಚ್ಚು ಹೊತ್ತು ಉಳಿಸಿ ಕೈಕಾಲಿನ ನರಗಳಿಗೆ ತೊಂದರೆ ಕೊಡಬಹುದು. ಡೊಲುಟೆಗ್ರಾವಿರ್‌ನಲ್ಲಿ ಆ ಕಾಟ ಕಡಿಮೆ.

ಇಬಿವಿ ಇದೆಯೋ ಇಲ್ಲವೋ ತಿಳಿಯಲು ಇಬರ್ ಎಂಬ ಬಣ್ಣದ ಪರೀಕ್ಷೆ ಸಾಕು. ವೈರಸ್ ಇರುವ ಕೋಶದ ಕೇಂದ್ರಗಳಷ್ಟೇ ಕಡುಬಣ್ಣಕ್ಕೆ ತಿರುಗುತ್ತವೆ. ಆದರೆ ಪ್ರತಿ ಗಂಟಿಗೂ ಎಲ್ಲ ಪರೀಕ್ಷೆ ಮಾಡುವಷ್ಟು ಹಣವೂ ಇಲ್ಲ, ಸಮಯವೂ ಇಲ್ಲ. ಇಬರ್, ಫಿಶ್ ಮಾಡಬೇಕೆಂದು ಲ್ಯಾಬಿನವರಿಗೆ ಹೊಳೆಯುವುದು ರೋಗಿಯ ಹಿನ್ನೆಲೆ ಗೊತ್ತಿದ್ದಾಗ. ಗಂಟನ್ನು ಕೆಡದಂತೆ ಇಟ್ಟು ಕಳಿಸುವ ಫಾರ್ಮಲಿನ್ ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಅದಕ್ಕೆಂದೇ ಒಂದು ಜಾಗವಿರುತ್ತದೆ. ಎಷ್ಟೋ ಸಲ ಅಲ್ಲಿ ಬರೆದಿರುವುದು "ಕುತ್ತಿಗೆ ಗಂಟು, 3 ವಾರ" ಎಂದಷ್ಟೇ. ಎಚ್‌ಐವಿ ಇದೆಯೇ, ಕಸಿಯಾಗಿದೆಯೇ, ಯಾವ ಮಾತ್ರೆ ನಡೆದಿದೆ ಎಂಬ ಸಾಲು ಖಾಲಿ. ಗೋಪ್ಯತೆ ಕಾಪಾಡಲೇಬೇಕು, ರೋಗಿಯ ಒಪ್ಪಿಗೆ ಪಡೆಯಲೇಬೇಕು. ಅದಾದ ಮೇಲೆ ಆ ಸಾಲನ್ನು ತುಂಬಲು ಬೇಕಾದದ್ದು ಒಂದು ಪೆನ್ನು.